ಕೊಡಗಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗೆ: ಓದಿನ ಸಿದ್ಧತೆ ಮತ್ತು ಒತ್ತಡದ ನಿರ್ವಹಣೆ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಭಯಕ್ಕೆ ಮುಖ್ಯ ಕಾರಣ, ತನಗೆ ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎಂಬುದು ವಿದ್ಯಾರ್ಥಿಗೇ ಗೊತ್ತಿಲ್ಲದಿರುವುದು. ಒಂದು ಪಾಠವನ್ನು ಮೂರು ನಾಲ್ಕು ಸಲ ಓದಿದವರಿಗೆ ಅದರ ಪುಟಗಳೆಲ್ಲ ಪರಿಚಿತವಾಗಿ ಕಾಣುತ್ತವೆ. ಆ ಪರಿಚಯವನ್ನೇ ಕಲಿಕೆಯೆಂದು ಭಾವಿಸಿ ಮುಂದಿನ ಪಾಠಕ್ಕೆ ಹೋದವರು, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕೈ ಓಡದೆ ನಿಂತಾಗ ಮೊದಲ ಬಾರಿಗೆ ಗಾಬರಿಯಾಗುತ್ತಾರೆ. ಅಷ್ಟರಲ್ಲಿ ಫೆಬ್ರುವರಿ ಬಂದಿರುತ್ತದೆ. ಬರುವುದನ್ನೂ ಬಾರದ್ದನ್ನೂ ಆರಂಭದಿಂದಲೇ ಬೇರ್ಪಡಿಸಿಕೊಂಡು ಬಂದರೆ ಒತ್ತಡದ ಬಹುಭಾಗ ತಾನಾಗಿಯೇ ಇಳಿಯುತ್ತದೆ ಎಂಬ ನಂಬಿಕೆಯಿಂದ ಈ ಸಲಹೆಗಳನ್ನು ಬರೆದಿದ್ದೇನೆ.

ಕೊಡಗಿನಲ್ಲಿ ಓದಿನ ವೇಳಾಪಟ್ಟಿಯನ್ನು ಇಲ್ಲಿನ ಮಳೆಗೂ ಕೊಯ್ಲಿಗೂ ಹೊಂದಿಸಿಯೇ ಹಾಕಬೇಕು. ಬೆಂಗಳೂರಿನ ಕೋಚಿಂಗ್ ಕೇಂದ್ರದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡರೆ ಅದು ಒಂದು ವಾರವೂ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಳೆ ರಜೆ, ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಸ್ಥಿತಿ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯ ಹೊತ್ತಿಗೆ ರೊಬಸ್ಟಾ, ಅದರ ಬೆನ್ನಿಗೆ ಕರಿಮೆಣಸು. ಪರೀಕ್ಷೆ ಬರುವುದು ಮಾರ್ಚ್‌–ಏಪ್ರಿಲ್‌ನಲ್ಲಿ, ಅಂದರೆ ಮನೆಯವರೆಲ್ಲ ತೋಟದಲ್ಲೋ ಕಣದಲ್ಲೋ ಇರುವ ತಿಂಗಳುಗಳ ತುದಿಯಲ್ಲಿ. ಸಣ್ಣ ಬೆಳೆಗಾರರ ಮನೆಗಳಲ್ಲಿ ಮತ್ತು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಈ ಅವಧಿಯಲ್ಲಿ ಮಕ್ಕಳ ಪಾಲಿಗೂ ಅಷ್ಟಿಷ್ಟು ಕೆಲಸ ಬೀಳುತ್ತದೆ. ಆದ್ದರಿಂದ ಗಣಿತ, ವಿಜ್ಞಾನದಂತಹ ಭಾರದ ವಿಷಯಗಳಲ್ಲಿ ಶಾಲೆಯಲ್ಲಿ ಆದಷ್ಟು ಪಾಠಗಳ ಮೊದಲ ಸುತ್ತನ್ನು ನವೆಂಬರ್–ಡಿಸೆಂಬರ್‌ನ ಹುತ್ತರಿ ಹಬ್ಬದೊಳಗೆ ಮುಗಿಸಿಕೊಳ್ಳುವುದು ಜಾಣತನ. ಕೊಯ್ಲಿನ ತಿಂಗಳುಗಳಿಗೆ ದಿನಕ್ಕೆ ನಾಲ್ಕು ಗಂಟೆ ಎಂದು ಬರೆದುಕೊಂಡು, ಅದು ಆಗಲಿಲ್ಲವೆಂದು ಕೊರಗುವುದಕ್ಕಿಂತ, ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಒಂದೂವರೆ ಗಂಟೆ ಎಂದು ಇಟ್ಟುಕೊಂಡು ಅದನ್ನು ತಪ್ಪದೆ ನಡೆಸುವುದು ಮೇಲು. ಮಳೆ ರಜೆಗಳಲ್ಲಿ ಕರೆಂಟನ್ನೂ ಮೊಬೈಲನ್ನೂ ನಂಬದೆ, ಪಠ್ಯಪುಸ್ತಕ ಮತ್ತು ಮುದ್ರಿಸಿಟ್ಟ ಮಾದರಿ ಪ್ರಶ್ನೆಪತ್ರಿಕೆಗಳಿಂದಲೇ ಹಗಲು ಬೆಳಕಿನಲ್ಲಿ ಓದಿಕೊಳ್ಳಿ.

ಇನ್ನು ಓದುವ ಕ್ರಮ. ಒಂದು ಪಾಠವನ್ನು ಒಮ್ಮೆ ಚೆನ್ನಾಗಿ ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬಿಳಿ ಹಾಳೆಯ ಮೇಲೆ ಬರೆಯಬೇಕು. ಮತ್ತೆ ಮತ್ತೆ ಓದಿದವರಿಗಿಂತ ಹೀಗೆ ನೆನಪಿನಿಂದ ಹೊರತೆಗೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿರುತ್ತದೆ ಎಂಬುದನ್ನು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗದಿಂದ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮಾತ್ರ ಮರು ಓದಿದವರದ್ದೇ ಮೇಲುಗೈಯಾಗಿತ್ತು. ಮರು ಓದು ನಮ್ಮನ್ನು ಮೋಸಗೊಳಿಸುವುದು ಇಲ್ಲಿಯೇ.

ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬ ಥೇಲ್ಸ್‌ನ ಪ್ರಮೇಯವನ್ನು ತೆಗೆದುಕೊಳ್ಳಿ. ಎಬಿಸಿ ತ್ರಿಭುಜದಲ್ಲಿ ಬಿಸಿ ಬಾಹುವಿಗೆ ಸಮಾಂತರವಾಗಿ ಡಿಇ ಎಳೆಯುವುದು, ಬಿಇ ಮತ್ತು ಸಿಡಿಗಳನ್ನು ಸೇರಿಸುವುದು, ಎರಡು ಲಂಬಗಳನ್ನು ಹಾಕುವುದು, ಇಲ್ಲಿಯವರೆಗೆ ಎಲ್ಲರ ಕೈಯೂ ಓಡುತ್ತದೆ. ವಿಸ್ತೀರ್ಣಗಳ ಎರಡು ಅನುಪಾತಗಳನ್ನು ಬರೆದ ಮೇಲೆ ಅನೇಕರ ಪೆನ್ನು ನಿಲ್ಲುತ್ತದೆ, ಇಲ್ಲವೇ ಕಾರಣ ಬರೆಯದೆ ಹಾರಿ ಉತ್ತರಕ್ಕೆ ಹೋಗುತ್ತದೆ. ಬಿಡಿಇ ಮತ್ತು ಡಿಇಸಿ ತ್ರಿಭುಜಗಳು ಡಿಇ ಎಂಬ ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇರುವುದರಿಂದ ಅವುಗಳ ವಿಸ್ತೀರ್ಣ ಸಮ ಎಂಬ ಒಂದು ಸಾಲೇ ಇಡೀ ಸಾಧನೆಯ ಕೀಲು. ಪೆನ್ನು ನಿಂತ ಆ ಜಾಗಕ್ಕೆ ಕೆಂಪು ಗುರುತು ಹಾಕಿ, ಪುಸ್ತಕ ತೆರೆದು ಅದನ್ನಷ್ಟೇ ನೋಡಿ, ಮತ್ತೆ ಮುಚ್ಚಿ, ಮೊದಲಿನಿಂದ ಬರೆಯಿರಿ. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಇಂತಹ ಕೆಂಪು ಗುರುತುಗಳ ಪಟ್ಟಿಯೇ ಪರೀಕ್ಷೆಯ ಹಿಂದಿನ ವಾರಕ್ಕೆ ನಿಮ್ಮ ಓದಿನ ಪಟ್ಟಿ.

ಸಮಾಜ ವಿಜ್ಞಾನದಲ್ಲಿ ತೊಡಕು ಬೇರೆ ರೀತಿಯದು. ಅಮರ ಸುಳ್ಯ ಬಂಡಾಯದ ಕಥೆಯನ್ನು ನಮ್ಮ ಕಡೆಯ ಮಕ್ಕಳು ಹಿರಿಯರಿಂದ ಕೇಳಿರುತ್ತಾರೆ, ಹಾಗಾಗಿ ಆ ಪಾಠ ಬರುತ್ತದೆಂಬ ಧೈರ್ಯವೂ ಇರುತ್ತದೆ. ಆದರೆ ಉತ್ತರ ಬರೆಯುವಾಗ ಬೇಕಾಗುವುದು ಕಾರಣಗಳ ಸರಣಿ: 1834ರಲ್ಲಿ ಬ್ರಿಟಿಷರು ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ್ದು, ಸುಳ್ಯ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾಕ್ಕೆ ಸೇರಿಸಿದ್ದು, ಕಂದಾಯವನ್ನು ಹಣದ ರೂಪದಲ್ಲೇ ಕೇಳಿದ್ದು, 1837ರ ದಂಗೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಅಥವಾ ಎರವ ಭಾಷೆ ಆಡುವ ಮಕ್ಕಳಿಗೆ ವಿಷಯ ತಿಳಿದಿದ್ದರೂ ಬರಹದ ಕನ್ನಡದಲ್ಲಿ ಅದನ್ನು ಜೋಡಿಸಲು ಹೆಚ್ಚು ಸಮಯ ಹಿಡಿಯುತ್ತದೆ. ಅವರು ದಿನಕ್ಕೊಂದು ನಾಲ್ಕು ಅಂಕದ ಉತ್ತರವನ್ನು ಪೂರ್ಣ ವಾಕ್ಯಗಳಲ್ಲಿ ಬರೆದು ಶಿಕ್ಷಕರಿಗೆ ತೋರಿಸುವ ಅಭ್ಯಾಸ ಮಾಡಿಕೊಂಡರೆ, ಗೈಡಿನಿಂದ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಸಮಯದ ಲೆಕ್ಕವನ್ನೂ ಮನೆಯಲ್ಲೇ ಅಭ್ಯಾಸ ಮಾಡಬೇಕು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಪ್ರಥಮ ಭಾಷೆಯಲ್ಲಿ 100 ಮತ್ತು 25. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷವನ್ನು ಬಿಟ್ಟರೆ ಬರೆಯಲು ಇರುವುದು ಮೂರು ಗಂಟೆ. ಅಂದರೆ 80 ಅಂಕದ ಪತ್ರಿಕೆಯಲ್ಲಿ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಪ್ರಥಮ ಭಾಷೆಯಲ್ಲಿ ಎರಡು ನಿಮಿಷವೂ ಇಲ್ಲ. ಜನವರಿಯಿಂದಾಚೆ ವಾರಕ್ಕೊಮ್ಮೆ ಗಡಿಯಾರ ಇಟ್ಟುಕೊಂಡು ಒಂದು ಮಾದರಿ ಪತ್ರಿಕೆಯನ್ನು ಪೂರ್ತಿ ಬರೆಯಿರಿ.

ನಿದ್ದೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಹಟವಿದೆ: ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದರೆ ಮಾತ್ರ ಓದು ಎಂಬುದು. ಒಂಬತ್ತಕ್ಕೆ ಮಲಗುವವರಿಗೆ ಅದು ಸರಿ. ಹನ್ನೊಂದರವರೆಗೆ ಕೂತವರನ್ನು ಜನವರಿಯ ಚಳಿಯಲ್ಲಿ ನಾಲ್ಕಕ್ಕೆ ಎಬ್ಬಿಸಿದರೆ ಹಾಸಿಗೆಯೂ ಇಲ್ಲ, ಓದೂ ಇಲ್ಲ. ಹದಿಹರೆಯದವರಿಗೆ ದಿನಕ್ಕೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವುದೂ ನಿದ್ದೆಯಲ್ಲಿಯೇ. ಹಾಗೆಯೇ, ಹತ್ತನೇ ತರಗತಿ ಬಂತೆಂದು ಹಾಕಿ ಸ್ಟಿಕ್ಕನ್ನು ಅಟ್ಟಕ್ಕೇರಿಸುವ ಪೋಷಕರೊಂದಿಗೆ ನನಗೆ ಸಹಮತವಿಲ್ಲ. ಸಂಜೆ ಅರ್ಧ ಗಂಟೆ ಮೈದಾನದಲ್ಲಿ ಓಡಿದ ಹುಡುಗ ಅಥವಾ ಹುಡುಗಿ ರಾತ್ರಿ ಬೇಗ ನಿದ್ದೆ ಮಾಡುತ್ತಾರೆ. ಕಾಡಂಚಿನ ಊರುಗಳಲ್ಲಿ ಮಾತ್ರ, ಆನೆ ಓಡಾಡುವ ಹೊತ್ತಿನಲ್ಲಿ ವಿಶೇಷ ತರಗತಿಗೆ ನಡೆದು ಹೋಗಿಬರುವ ಪರಿಸ್ಥಿತಿಯಿದ್ದರೆ, ಪೋಷಕರು ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿ ಸಮಯವನ್ನು ಬದಲಾಯಿಸಿಕೊಳ್ಳಬೇಕು.

ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಹೋಲಿಕೆಯನ್ನು ಬಿಡುವುದು. ಮದುವೆ ಮನೆಯಲ್ಲಿ ಸಿಕ್ಕ ನೆಂಟರು ‘ಎಷ್ಟು ಪರ್ಸೆಂಟ್ ಬರಬಹುದು’ ಎಂದು ಕೇಳಿದಾಗ, ಮಗುವಿನ ಪರವಾಗಿ ಮಾತು ತಿರುಗಿಸುವ ಜವಾಬ್ದಾರಿ ತಂದೆತಾಯಿಯದು. ಹಸಿವು ಕಡಿಮೆಯಾಗುವುದು, ದಿನಗಟ್ಟಲೆ ನಿದ್ದೆ ಬಾರದಿರುವುದು, ಗೆಳೆಯರೊಂದಿಗೂ ಮಾತು ಬಿಡುವುದು, ‘ನಾನಿದ್ದು ಏನು ಪ್ರಯೋಜನ’ ಎಂಬಂತಹ ಮಾತು ಇವು ಕಂಡರೆ ಅದನ್ನು ಸೋಮಾರಿತನವೆಂದೋ ನಾಟಕವೆಂದೋ ತಳ್ಳಿಹಾಕಬಾರದು. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಪರೀಕ್ಷೆಯ ಹಿಂದಿನ ಸಂಜೆ ಹೊಸ ಪಾಠವನ್ನು ತೆರೆಯದೆ, ಪ್ರವೇಶ ಪತ್ರ, ಎರಡು ಪೆನ್ನು, ಜ್ಯಾಮಿತಿ ಪೆಟ್ಟಿಗೆಗಳನ್ನು ಚೀಲದಲ್ಲಿಟ್ಟು ಮಲಗಿ. ಬೆಳಿಗ್ಗೆ ಹೋಗಬೇಕಾದ ಬಸ್ಸಿಗಿಂತ ಒಂದು ಮುಂಚಿನ ಬಸ್ಸನ್ನೇ ಹಿಡಿಯಿರಿ, ಏಕೆಂದರೆ ನಮ್ಮ ರಸ್ತೆಗಳಲ್ಲಿ ಒಂದು ಬಸ್ ತಪ್ಪಿದರೆ ಮುಂದಿನದು ಯಾವಾಗಲೋ. ಪತ್ರಿಕೆ ನೋಡಿದಾಗ ಎದೆ ಹೊಡೆದುಕೊಂಡರೆ ಉಸಿರನ್ನು ನಿಧಾನವಾಗಿ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಐದಾರು ಸಲ ಮಾಡಿ, ಖಚಿತವಾಗಿ ಬರುವ ಪ್ರಶ್ನೆಯಿಂದ ಆರಂಭಿಸಿ. ಹೊರಗೆ ಬಂದ ಮೇಲೆ ಗೇಟಿನ ಬಳಿ ನಿಂತು ಉತ್ತರಗಳನ್ನು ತಾಳೆ ನೋಡುವ ಗುಂಪಿಗೆ ಸೇರಬೇಡಿ. ಮುಂದಿನ ಪತ್ರಿಕೆಗೆ ಅದರಿಂದ ಏನೂ ಸಿಗುವುದಿಲ್ಲ.

2024ರಿಂದ ಪರೀಕ್ಷಾ ಮಂಡಳಿಯು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳನ್ನು ನೀಡುತ್ತಿದ್ದು, ಅವುಗಳಲ್ಲಿ ಹೆಚ್ಚು ಬಂದ ಅಂಕಗಳನ್ನು ಉಳಿಸಿಕೊಳ್ಳಬಹುದು. ನಿರೀಕ್ಷೆಗಿಂತ ಕಡಿಮೆ ಅಂಕ ಬಂದರೆ ಉತ್ತರಪತ್ರಿಕೆಯ ಛಾಯಾಪ್ರತಿ ಮತ್ತು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲೂ ಅವಕಾಶವಿದೆ. ಈ ಎಲ್ಲದಕ್ಕೂ ದಿನಗಳ ಮಿತಿ ಇರುವುದರಿಂದ, ಫಲಿತಾಂಶ ಬಂದ ದಿನವೇ ಶಾಲೆಯ ಕಚೇರಿಯಲ್ಲಿ ಕೊನೆಯ ದಿನಾಂಕವನ್ನು ಕೇಳಿ ಬರೆದುಕೊಳ್ಳಿ.