ಹಳೇ ಬಿಲ್ ಇಟ್ಟುಕೊಂಡು ಹೊಸ ಪಾಲಿಸಿ ಕೊಂಡ ನನ್ನ ಅನುಭವ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಹೆಚ್ಚುಕಮ್ಮಿ ಎಲ್ಲರ ಮಕ್ಕಳೂ ಹೊರದೇಶದಲ್ಲೇ. ವೀಸಾ, ಟಿಕೆಟ್, ಆರು ತಿಂಗಳ ಲೆಕ್ಕ ಯಾರಿಗೂ ಹೇಳಿಕೊಡಬೇಕಿಲ್ಲ. ಅಲ್ಲಿ ಕಾಯಿಲೆ ಬಿದ್ದರೆ ಖರ್ಚು ಕೊಡುವ ಪ್ರಯಾಣ ವಿಮೆ ಮಾತು ಬಂದರೆ ಮಾತ್ರ "ಯಾವುದೋ ಒಂದು ಮಾಡಿಸ್ರೀ, ಏನಾಗುತ್ತೆ" ಅನ್ನುತ್ತಾರೆ. 2017ರಲ್ಲಿ ನಾನೂ ಯಾವುದೋ ಒಂದು ಮಾಡಿಸಿದ್ದೆ.

ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದೆವು. ಒಂದು ರಾತ್ರಿ ನಮ್ಮ ಮನೆಯವರಿಗೆ ಕಿಡ್ನಿ ಕಲ್ಲಿನ ನೋವು. ಆಂಬುಲೆನ್ಸ್, ಎಮರ್ಜೆನ್ಸಿ, ಸಿಟಿ ಸ್ಕ್ಯಾನ್, ಒಂದು ಡ್ರಿಪ್. ಐದು ಗಂಟೆಯಲ್ಲಿ ವಾಪಸ್ ಬಂದೆವು. ಆಮೇಲೆ ಶುರುವಾಯಿತು ಲಕೋಟೆಗಳ ಮೆರವಣಿಗೆ. ಆಸ್ಪತ್ರೆಯದು ಒಂದು, ಡಾಕ್ಟರದು ಬೇರೆ, ಸ್ಕ್ಯಾನ್ ಓದಿದವರದು ಬೇರೆ, ಆಂಬುಲೆನ್ಸ್‌ನದು ಬೇರೆ. ಒಟ್ಟು ಹನ್ನೊಂದು ಸಾವಿರ ಡಾಲರ್ ಚಿಲ್ಲರೆ. ಪಾಲಿಸಿ 50,000 ಡಾಲರಿನದು, ಚಿಂತೆ ಇಲ್ಲ ಅಂದುಕೊಂಡೆ. ಆದರೆ ಅದು ಫಿಕ್ಸೆಡ್ ಬೆನಿಫಿಟ್. ಎಮರ್ಜೆನ್ಸಿಗೆ ಇಷ್ಟು, ಸ್ಕ್ಯಾನಿಗೆ ಇಷ್ಟು ಅಂತ ಮೊದಲೇ ಪಟ್ಟಿ ಬರೆದಿಟ್ಟಿದ್ದರು. ಕೈಗೆ ಬಂದದ್ದು 1,200ರ ಆಸುಪಾಸು. ಉಳಿದದ್ದನ್ನು ಚೌಕಾಸಿ ಮಾಡಿ ಇಳಿಸಿಯೂ ಅಳಿಯ ಹತ್ತಿರ ಹತ್ತಿರ ನಾಲ್ಕು ಲಕ್ಷ ಕಟ್ಟಿದರು. ಡಾಲರ್ ಆಗ 65 ಇತ್ತು. ಅಳಿಯ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮೂವತ್ತು ವರ್ಷ ಅಕೌಂಟ್ಸ್‌ನಲ್ಲಿ ಕೂತವನು ನಾನು, ಲಕೋಟೆ ಎಸೆಯಲಿಲ್ಲ. 2024ರಲ್ಲಿ ಮತ್ತೆ ಮಗಳ ಮನೆಗೆ ಹೊರಟಾಗ ಬ್ರೋಷರ್ ಮುಟ್ಟಲೇ ಇಲ್ಲ. ಏಳು ಪ್ಲಾನ್‌ಗಳ ಪೂರ್ತಿ ಷರತ್ತುಗಳನ್ನು ಕುವೆಂಪುನಗರದಲ್ಲಿ ಪ್ರಿಂಟ್ ತೆಗೆಸಿದೆ. ಒಂದೊಂದೂ ನಲವತ್ತು ಪುಟದ ಹತ್ತಿರ. ಹಿಂದಿನಿಂದ ಓದಿದೆ, ಅಂದರೆ ಏನು ಕೊಡಲ್ಲ ಅನ್ನುವ ಭಾಗದಿಂದ. ಆಮೇಲೆ ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, 2017ರ ಬಿಲ್ಲನ್ನೇ ಸಾಲು ಸಾಲಾಗಿ ಪ್ರತಿ ಪ್ಲಾನಿನಲ್ಲೂ ಓಡಿಸಿದೆ. ಈ ಪಾಲಿಸಿ ಆವತ್ತು ಇದ್ದಿದ್ದರೆ ನನ್ನ ಜೇಬಿನಿಂದ ಎಷ್ಟು ಹೋಗುತ್ತಿತ್ತು? ಇಷ್ಟೇ ಪ್ರಶ್ನೆ.

ಪಟ್ಟಿ ಪಾಲಿಸಿಗಳು ಅಲ್ಲೇ ಬಿದ್ದುಹೋದವು. ನಮ್ಮ ದೇಶದ ಎರಡು ಟ್ರಾವೆಲ್ ಪಾಲಿಸಿ ಅಗ್ಗವಾಗಿದ್ದವು. ಅವುಗಳಲ್ಲೂ 60 ದಾಟಿದವರಿಗೆ ರೂಮಿಗೆ ಇಷ್ಟು, ಸರ್ಜನ್‌ಗೆ ಇಷ್ಟು ಅಂತ ಒಳಮಿತಿ. ಮತ್ತದೇ ಪಟ್ಟಿ ಅಲ್ವಾ? ಕೊನೆಗೆ ಉಳಿದದ್ದು ಒಂದು ಕಾಂಪ್ರಹೆನ್ಸಿವ್ ಪ್ಲಾನ್. ಮೊದಲ 250 ಡಾಲರ್ ನಮ್ಮದು, ಮುಂದಿನ 5,000ದಲ್ಲಿ ನೂರಕ್ಕೆ ಇಪ್ಪತ್ತು ನಮ್ಮದು, ಆಮೇಲೆ ಒಂದು ಲಕ್ಷ ಡಾಲರ್ ತನಕ ಪೂರ್ತಿ ಅವರದು. ಇಬ್ಬರಿಗೆ ಆರು ತಿಂಗಳಿಗೆ ಒಂದೂ ಮುಕ್ಕಾಲು ಲಕ್ಷ ರೂಪಾಯಿ ಆಯಿತು. ಪಟ್ಟಿ ಪಾಲಿಸಿ ಅದರ ಅರ್ಧಕ್ಕೆ ಸಿಗುತ್ತಿತ್ತು. ಕೆರೆ ಏರಿ ಮೇಲೆ ಸರಿಯಾಗಿ ನಗೆಪಾಟಲಾದೆ. "ಸುಮ್ನೆ ದುಡ್ಡು ಸುರಿದ್ರಿ, ಸಾರ್."

ಬಿಪಿ, ಶುಗರ್ ಇರುವವರು ಒಂದು ಕಡೆ ಹುಷಾರಾಗಿರಬೇಕು. ಅಕ್ಯೂಟ್ ಆನ್‌ಸೆಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಹಳೇ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿ, 24 ಗಂಟೆಯೊಳಗೆ ಚಿಕಿತ್ಸೆಗೆ ಹೋದರೆ ಮಾತ್ರ ಅದು. ಶುಗರ್ ಚೆಕಪ್ಪಿಗೆ, ಮಾತ್ರೆಗೆ ಕಾಸೂ ಬರಲ್ಲ. ಮಾತ್ರೆಗಳನ್ನು ಚೀಟಿ ಸಮೇತ ಇಲ್ಲಿಂದಲೇ ಒಯ್ದೆ. ಹಲ್ಲಿನದೂ ಅದೇ ಕಥೆ ಅಂತ ರೂಟ್ ಕೆನಾಲ್ ಸರಸ್ವತಿಪುರಂನಲ್ಲೇ ಮುಗಿಸಿದೆ, ಕ್ಯಾಪ್ ಸೇರಿ ಒಂಬತ್ತು ಸಾವಿರ.

ನಡುವೆ ಒಂದು ಅತಿಬುದ್ಧಿ ಹೊಳೆಯಿತು. ತಿಂಗಳು ತಿಂಗಳಿಗೆ ಕೊಂಡರೆ? ಕಾಗದದ ಮೇಲೆ ನೋಡಿದರೆ, ಅವಧಿ ಮುಗಿಯುವ ಮೊದಲೇ ವಿಸ್ತರಿಸಿದರೆ ಸರಿ. ಒಂದು ದಿನ ಮರೆತರೂ ಅದು ಹೊಸ ಪಾಲಿಸಿ, ಮೊದಲ ತಿಂಗಳಲ್ಲಿ ಬಂದ ಕಾಯಿಲೆ ಹಳೇ ಕಾಯಿಲೆ ಆಗಿಬಿಡುತ್ತೆ. ಬಿಟ್ಟೆ. ತಂಗಿ ಮಗ ಜರ್ಮನಿಗೆ ಹೊರಟಾಗಲೂ ನೋಟ್‌ಬುಕ್ ತೆಗೆದೆ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಬೇಕು ಅಂತ ನಿಯಮವೇ ಇದೆ, ಹುಡುಗನಿಗೆ 26 ವರ್ಷ. ನನ್ನ ವಿದ್ಯೆ ಅಲ್ಲಿ ಬೇಕಾಗಲೇ ಇಲ್ಲ.

ಮಗಳ ಮನೆಯಲ್ಲಿದ್ದಾಗ, ಆಗಸ್ಟಿನಲ್ಲಿ, ನನಗೇ ಅಪೆಂಡಿಕ್ಸ್. ನೆಟ್‌ವರ್ಕಿನ, ಅಂದರೆ ಪಾಲಿಸಿಯವರ ಜೊತೆ ದರದ ಒಪ್ಪಂದ ಇರುವ, ಎರಡು ಆಸ್ಪತ್ರೆಗಳ ಹೆಸರು ಬರೆದ ಚೀಟಿಯನ್ನು ಮೊದಲ ವಾರವೇ ಫ್ರಿಡ್ಜಿಗೆ ಅಂಟಿಸಿದ್ದೆ. ಕಾರಿನಿಂದಲೇ ಮಗಳು ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ಅಡ್ಮಿಷನ್ ವಿಷಯ ತಿಳಿಸಿದಳು. ತಿಳಿಸದಿದ್ದರೆ ಬರುವ ದುಡ್ಡಿನಲ್ಲಿ ಅರ್ಧ ಕತ್ತರಿ ಅಂತ ಷರತ್ತಿತ್ತು. ಬಿಲ್ 43,000 ಡಾಲರ್ ಹತ್ತಿರ. ನೆಟ್‌ವರ್ಕ್ ದರದಲ್ಲಿ ಅದೇ 16,000ಕ್ಕೆ ಇಳಿಯಿತು. ನನ್ನ ಪಾಲು 250, ಮೇಲೆ 1,000. ನೋಟ್‌ಬುಕ್ಕಿನಲ್ಲಿ ಏನಿತ್ತೋ ಅದೇ!

ಸಲೀಸಾಗಿ ಆಯಿತು ಅನ್ನಲಾರೆ. ಇದು ಹಳೇ ಕಾಯಿಲೆ ಅಲ್ಲ ಅನ್ನಲು ಐದು ವರ್ಷದ ಕಾಗದ ಕೇಳಿದರು. ಫೈಲು ಸೂಟ್‌ಕೇಸಿನಲ್ಲೇ ಇತ್ತು, ಆದರೂ ನಾಲ್ಕು ತಿಂಗಳು ಎಳೆದಾಡಿದರು. ಅರಿವಳಿಕೆ ಡಾಕ್ಟರು ನೆಟ್‌ವರ್ಕಿನ ಹೊರಗಿನವರಂತೆ. ಅವರ ಬಾಕಿ 1,900 ಅಂತ ಬೇರೆ ಲಕೋಟೆ ಬಂತು. ಅದನ್ನು 600ಕ್ಕೆ ಇಳಿಸಿದೆ. ಫೋನಿನಲ್ಲಿ ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ಸಿಕ್ಕರೆ ಹೇಳುತ್ತೇನೆ.

ನಕ್ಕವರಲ್ಲಿ ಮೂವರು ಆ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ಮುಂದಿನ ಸಲ ಹೊರಡುವಾಗ ನನಗೆ 70 ತುಂಬಿರುತ್ತೆ. 70 ದಾಟಿದರೆ ಎಷ್ಟೋ ಪ್ಲಾನ್‌ಗಳಲ್ಲಿ ಮಿತಿ ಇಳಿಯುತ್ತೆ, ಪ್ರೀಮಿಯಂ ಏರುತ್ತೆ. ಹೊಸ ಹಾಳೆಗೆ ಗೆರೆ ಎಳೆದಿಟ್ಟಿದ್ದೇನೆ. ಈ ಸಲ ಓಡಿಸಲು ಬಿಲ್ ಎರಡಿವೆ.