ಮಳೆಗಾಲದಲ್ಲಿ ತಗಡಿನ ಕೆಳಗೆ ಟೆನಿಸ್

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಾವು ಆಡುವ ಮಣ್ಣಿನ ಕೋರ್ಟಿಗೆ ರಜೆ. ಮುಂಬೈ ಮಾಟುಂಗದ ನಮ್ಮ ಕನ್ನಡ ಗುಂಪು ಆಗ ಠಾಣೆ ಕಡೆಯ ಒಂದು ಹಾರ್ಡ್ ಕೋರ್ಟಿಗೆ, ಅಂದರೆ ಗಟ್ಟಿ ನೆಲದ ಕೋರ್ಟಿಗೆ, ಗುಳೆ ಹೋಗುತ್ತದೆ. ಸುತ್ತ ಗೋಡೆ, ಮೇಲೆ ತಗಡು. ಎಸಿ ಇಲ್ಲ.

ನಾನು ಮೊದಲು ಬದಲಿಸಿದ್ದು ಫೋರ್‌ಹ್ಯಾಂಡ್. ಮಣ್ಣಿನಲ್ಲಿ ಚೆಂಡು ನೆಲ ಮುಟ್ಟಿದ ಮೇಲೆ ವೇಗ ಕಳೆದುಕೊಂಡು ಮೇಲೇಳುತ್ತದೆ. ಕೈ ದೊಡ್ಡದಾಗಿ ಬೀಸಿ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವ ಹಾಗೆ, ಹೊಡೆಯಲು ಪುರುಸೊತ್ತು ಸಿಗುತ್ತದೆ. ಇಲ್ಲಿ ಅದು ತಗ್ಗಾಗಿ ಜಾರಿ ಬಂದು ಕಾಲಬುಡಕ್ಕೆ ನುಗ್ಗುತ್ತದೆ. ಹಾಗಾಗಿ ಭುಜವನ್ನು ಬೇಗ ತಿರುಗಿಸಿ, ರಾಕೆಟ್ಟನ್ನು ಹಿಂದಕ್ಕೆ ಕಡಿಮೆ ಒಯ್ಯುವುದನ್ನು ರೂಢಿಸಿಕೊಂಡೆ. ಗೋಡೆಗೆ ಬೆನ್ನು ಮಾಡಿ, ಒಂದು ಹೆಜ್ಜೆ ಬಿಟ್ಟು ನಿಂತು, ರಾಕೆಟ್ ಗೋಡೆಗೆ ತಾಗದ ಹಾಗೆ ಬೀಸುವುದು ನನ್ನ ಅಭ್ಯಾಸ. ನೋಡುವವರಿಗೆ ತಮಾಷೆ, ಆದರೆ ಕೆಲಸ ಮಾಡುತ್ತದೆ. ಎದುರಿಗಿರುವ ಕುಂದಾಪುರದ ಗೆಳೆಯ "ಬೇಗ ತಿರುಗು ಮಾರಾಯ" ಅಂತ ಕೂಗುತ್ತಲೇ ಇರುತ್ತಾನೆ.

ಸರ್ವ್ ಮಾತ್ರ ಇಲ್ಲಿ ಸುಖ. ಗಾಳಿ ಇಲ್ಲ, ಕಣ್ಣಿಗೆ ಬಿಸಿಲಿಲ್ಲ. ಟಾಸ್ ಹಾಕಿದ ಚೆಂಡು ಹಾಕಿದಲ್ಲೇ ಇರುತ್ತದೆ. ಕೊಡಗಿನ ರೋಹನ್ ಬೋಪಣ್ಣ 2011 ಮತ್ತು 2012ರಲ್ಲಿ ಪ್ಯಾರಿಸ್ ಮಾಸ್ಟರ್ಸ್ ಡಬಲ್ಸ್ ಗೆದ್ದದ್ದು ಒಳಾಂಗಣದ ಹಾರ್ಡ್ ಕೋರ್ಟಿನಲ್ಲೇ. ಅವರಂಥ ಜೋರು ಸರ್ವ್ ಇದ್ದವರಿಗೆ ಇದು ಹಬ್ಬ. ನನ್ನಂಥವರಿಗೆ ಸ್ಲೈಸ್, ಅಂದರೆ ಚೆಂಡಿನ ಬದಿ ಸವರಿ ತಿರುಗಿಸುವ ಸರ್ವ್, ಸಾಕು. ಬಲಗೈ ಆಟಗಾರರು ಡ್ಯೂಸ್ ಕೋರ್ಟಿನಿಂದ, ಅಂದರೆ ತಮ್ಮ ಬಲ ಅರ್ಧದಿಂದ, ಹೊರಕ್ಕೆ ಎಳೆದರೆ ಚೆಂಡು ಏಳುವುದೇ ಇಲ್ಲ.

ಲಾಬ್, ಅಂದರೆ ಎದುರಾಳಿಯ ತಲೆ ಮೇಲಿಂದ ಎತ್ತಿ ಹೊಡೆಯುವುದನ್ನು, ಬಹುತೇಕ ಬಿಟ್ಟೇಬಿಟ್ಟೆ. ಹೊಡೆದ ಚೆಂಡು ನೆಲ ಮುಟ್ಟುವ ಮೊದಲು ಸೂರಿಗೆ ತಾಗಿದರೆ ಪಾಯಿಂಟ್ ಎದುರಾಳಿಗೆ. ಅದರ ಬದಲು ಚೆಂಡನ್ನು ತಗ್ಗಾಗಿ, ನೆಟ್ಟಿನ ಹತ್ತಿರ ಬಂದ ಎದುರಾಳಿಯ ಕಾಲ ಬಳಿ ಇಳಿಸುತ್ತೇನೆ.

ಯಾರೂ ಹೇಳದ ಒಂದು ಸಂಗತಿ ಸದ್ದಿನದು. ಒಳಾಂಗಣದಲ್ಲಿ ಚೆಂಡಿನ ಸದ್ದು ಜೋರಾಗಿ, ಸ್ಪಷ್ಟವಾಗಿ ಕೇಳುತ್ತದೆ ಅಂತಾರೆ. ನಿಜ, ಮಳೆ ಇಲ್ಲದಿದ್ದರೆ! ಮುಂಬೈ ಮಳೆ ತಗಡಿನ ಮೇಲೆ ಸುರಿಯುವಾಗ ಎದುರಾಳಿಯ ರಾಕೆಟ್ಟಿನ ಸದ್ದು ಸತ್ತೇ ಹೋಗುತ್ತದೆ. ಜೋರಾಗಿ ಹೊಡೆದನೋ, ಸುಮ್ನೆ ತಟ್ಟಿದನೋ, ಕಿವಿಗೆ ಗೊತ್ತಾಗುವುದಿಲ್ಲ. ಆಗ ಅವನ ಭುಜ ಮತ್ತು ರಾಕೆಟ್ಟಿನ ಮುಖವನ್ನೇ ನೋಡಬೇಕು. ಅವನು ಚೆಂಡಿಗೆ ಹೊಡೆಯುವ ಹೊತ್ತಿಗೆ ನನ್ನ ಪುಟ್ಟ ಜಿಗಿತ, ಅಂದರೆ ಸ್ಪ್ಲಿಟ್ ಸ್ಟೆಪ್, ಮುಗಿಯುತ್ತಿರಬೇಕು. ಈ ಲೆಕ್ಕ ಕೂರಲು ನನಗೆ ಒಂದಿಡೀ ಮಳೆಗಾಲ ಬೇಕಾಯಿತು.

ತೇವಕ್ಕೆ ಚೆಂಡಿನ ಉಣ್ಣೆ ಉಬ್ಬಿ ಭಾರವಾಗುತ್ತದೆ. ಎರಡನೇ ಸೆಟ್ಟಿನಲ್ಲಿ ತೋಳು ಹೇಳುತ್ತದೆ. ನಾನು ರಾಕೆಟ್ಟಿನ ತಂತಿಯ ಬಿಗಿತವನ್ನು 2 ಪೌಂಡ್ ಇಳಿಸಿಕೊಂಡೆ. ಶೂ ಕೂಡ ಬೇರೆ ಇಟ್ಟಿದ್ದೇನೆ. ಮಣ್ಣಿನ ಕೋರ್ಟಿನ ಸೋಲ್ ಇಲ್ಲಿ ಬೇಗ ಸವೆಯುತ್ತದೆ. ಮಣ್ಣಿನಲ್ಲಿ ಜಾರಿ ನಿಲ್ಲುವ ಹಾಗೆ ಇಲ್ಲಿ ನಿಲ್ಲಲು ಹೋದರೆ ಮೊಣಕಾಲು ಹಿಡಿಯುತ್ತದೆ. ಸಣ್ಣ ಸಣ್ಣ ಹೆಜ್ಜೆ ಇಟ್ಟೇ ನಿಲ್ಲಬೇಕು. ಶೂ ಕೋರ್ಟಿನ ಬಾಗಿಲಲ್ಲೇ ಹಾಕಿಕೊಳ್ಳಿ, ಠಾಣೆ ಸ್ಟೇಷನ್ನಿಂದ ನೆನೆಸಿಕೊಂಡು ತಂದರೆ ಮೊದಲ ಗೇಮ್‌ನಲ್ಲೇ ಜಾರಿ ಬೀಳುತ್ತೀರಿ.