24 ಪಿಕ್ಸೆಲ್‌ನ ಕಾಫಿ ಹಣ್ಣು: ಐಕಾನ್‌ಗಳನ್ನು ಸ್ಕ್ರಿಪ್ಟ್‌ಗೆ ಒಪ್ಪಿಸಿದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಕೂತು ಒಬ್ಬನೇ ಮಾಡುತ್ತಿರುವ ಮೊಬೈಲ್ ಆಟ ನನ್ನದು. ಕಣದಲ್ಲಿ ಹರಡಿದ ಕಾಫಿಯನ್ನು ಮಳೆ ಬರುವುದರೊಳಗೆ ಒಟ್ಟಬೇಕು, ಅಷ್ಟೇ ಕಥೆ. ಚಿತ್ರಗಳೆಲ್ಲ ಪಿಕ್ಸೆಲ್ ಶೈಲಿಯವು, ಅಂದರೆ ಪುಟ್ಟ ಬಣ್ಣದ ಚೌಕಗಳನ್ನು ಜೋಡಿಸಿ ಬರೆದವು. ಆಟಕ್ಕಿಂತ ಹೆಚ್ಚು ಕಾಡಿದ್ದು ಅದರ ಐಕಾನ್.

ಆಂಡ್ರಾಯ್ಡ್ ಒಂದಕ್ಕೇ 48, 72, 96, 144, 192 ಪಿಕ್ಸೆಲ್ ಎಂದು ಐದು ಅಳತೆ. ಆಂಡ್ರಾಯ್ಡ್ 8ರಿಂದ ಈಚೆಗೆ ಚಿತ್ರ ಬೇರೆ, ಹಿನ್ನೆಲೆ ಬೇರೆ ಎಂದು ಎರಡು ಪದರ. ಪ್ಲೇ ಸ್ಟೋರ್‌ಗೆ 512, ಆ್ಯಪಲ್‌ಗೆ 1024. ಇವನ್ನೆಲ್ಲ ಮಾಡಿಕೊಡುವ ಜಾಲತಾಣಗಳಿವೆ, ಆದರೆ ನಾನು ನೋಡಿದವೆಲ್ಲ ಅಂಚನ್ನು ನಯ ಮಾಡಿ ಕುಗ್ಗಿಸುತ್ತವೆ. ಫೋಟೊಗೆ ಅದು ಸರಿ, ಪಿಕ್ಸೆಲ್ ಚಿತ್ರ ಮಾತ್ರ ಮಸುಕಾಗುತ್ತದೆ. ಅದೂ ಅಲ್ಲದೆ ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಪೈಥಾನ್ ಭಾಷೆ ಮತ್ತು ಚಿತ್ರಗಳನ್ನು ತಿದ್ದಲು ಅದಕ್ಕಿರುವ ಪಿಲ್ಲೋ ಲೈಬ್ರರಿ ಹಿಡಿದು ಸ್ಕ್ರಿಪ್ಟ್, ಅಂದರೆ ಚಿಕ್ಕದೊಂದು ಪ್ರೋಗ್ರಾಂ, ಬರೆಯಲು ಕೂತೆ.

ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಭಾಗಾಕಾರ ಮಾಡಿದ್ದೇ ನಿಜವಾದ ಕೆಲಸ. ಪಿಕ್ಸೆಲ್ ಚಿತ್ರವನ್ನು ಪೂರ್ಣಸಂಖ್ಯೆಯಿಂದಲೇ ಹಿಗ್ಗಿಸಬೇಕು; ಚುಕ್ಕಿ ರಂಗೋಲಿಯಲ್ಲಿ ಅರ್ಧ ಚುಕ್ಕಿ ಇಡಲಾಗುತ್ತದೆಯೇ? 16 ಪಿಕ್ಸೆಲ್‌ನಲ್ಲಿ ಬರೆದರೆ 72ಕ್ಕೆ ನಾಲ್ಕೂವರೆ ಪಟ್ಟು, ಕೆಟ್ಟಿತು. 24ರಲ್ಲಿ ಬರೆದರೆ ಐದೂ ಅಳತೆಗೆ 2, 3, 4, 6, 8 ಪಟ್ಟು. ಎರಡು ಪದರದ ಐಕಾನ್‌ಗೆ 108ರಿಂದ 432ರವರೆಗಿನ ಅಳತೆ ಬೇಕು. ಅದೇ 24ರ ಚಿತ್ರವನ್ನು 54ರ ಚೌಕದ ನಡುವೆ ಇಟ್ಟರೆ ಅಲ್ಲೂ ಅದೇ ಪಟ್ಟುಗಳು. 512ನ್ನು 24 ಭಾಗಿಸುವುದಿಲ್ಲ, ಆದರೆ ಸುತ್ತ ನಾಲ್ಕು ಪಿಕ್ಸೆಲ್ ಅಂಚು ಬಿಟ್ಟರೆ ಚೌಕ 32 ಆಗುತ್ತದೆ: 16 ಪಟ್ಟಿಗೆ ಪ್ಲೇ ಸ್ಟೋರ್, 32 ಪಟ್ಟಿಗೆ ಆ್ಯಪಲ್. ಇಷ್ಟು ಕೂಡಿಬಂದ ಮೇಲೆ ಸ್ಕ್ರಿಪ್ಟ್‌ನಲ್ಲಿ ಉಳಿದದ್ದು ಪ್ರತಿ ಅಳತೆಗೂ ಮರುಕಳಿಸುವ ಒಂದು ಲೂಪ್ ಮಾತ್ರ: ಚಿತ್ರ ತೆರೆ, ಚೌಕದ ನಡುವೆ ಅಂಟಿಸು, ಅಕ್ಕಪಕ್ಕದ ಬಣ್ಣ ಬೆರೆಸದ 'ನಿಯರೆಸ್ಟ್' ವಿಧಾನದಲ್ಲಿ ಹಿಗ್ಗಿಸು, ಆಯಾ ಅಳತೆಯ ಐಕಾನ್ ಇಡುವ ಮಿಪ್‌ಮ್ಯಾಪ್ ಫೋಲ್ಡರಿಗೆ ಉಳಿಸು.

ಫೋನ್ ಕಂಪನಿಗಳು ಐಕಾನನ್ನು ತಮಗೆ ಬೇಕಾದ ಆಕಾರಕ್ಕೆ ಕತ್ತರಿಸುತ್ತವೆ. 108ರಲ್ಲಿ ನಡುವಿನ 66 ವ್ಯಾಸದ ವೃತ್ತವೊಂದೇ ಸುರಕ್ಷಿತ. ನನ್ನ 54ರ ಚೌಕದಲ್ಲಿ ಅದು 33. 24ರ ಚೌಕದ ಕರ್ಣ ಹೆಚ್ಚುಕಡಿಮೆ 34, ಅಂದರೆ ಮೂಲೆಗಳು ಕೂದಲೆಳೆಯಷ್ಟು ಹೊರಗೆ. ಮೂಲೆಗಳನ್ನು ಖಾಲಿ ಬಿಟ್ಟು ಹಣ್ಣಿನ ಗೊಂಚಲು ಬರೆದೆ. ಮೊದಲು ಒಂಟಿ ಹಣ್ಣಿತ್ತು. 48ರ ಅಳತೆಯಲ್ಲಿ ನೋಡಿದ ಅಮ್ಮ "ಇದೇನೋ, ಟೊಮೆಟೊ ಹಣ್ಣಾ?" ಅಂದರು. ತೋಟದಲ್ಲೇ ಬೆಳೆದವರು ಹಾಗಂದ ಮೇಲೆ ವಾದವೇನು? ಮೂರು ಹಣ್ಣು, ಒಂದು ಗಿಣ್ಣು, ಒಂದು ಎಲೆ ಬಂದವು.

ಆಂಡ್ರಾಯ್ಡ್ 13ರಿಂದ ಇನ್ನೊಂದು ಪದರವೂ ಸೇರಿದೆ. ಫೋನಿನ ಬಣ್ಣಕ್ಕೆ ಹೊಂದುವ ಒಂದೇ ಬಣ್ಣದ ಐಕಾನ್ ಅದು, ಅಲ್ಲಿ ಲೆಕ್ಕಕ್ಕೆ ಬರುವುದು ಆಕಾರ ಮಾತ್ರ. ಮೂರು ಹಣ್ಣೂ ಸೇರಿ ಒಂದು ಮುದ್ದೆಯಾಗಿ ಕಾಣಬಾರದಲ್ಲ, ಅದಕ್ಕೆ ಕಪ್ಪು ಗೆರೆಗಳನ್ನೆಲ್ಲ ಪಾರದರ್ಶಕ ಮಾಡುವ ಸಾಲೊಂದನ್ನು ಸ್ಕ್ರಿಪ್ಟ್‌ಗೆ ಸೇರಿಸಿದೆ. ಆ್ಯಪಲ್‌ದು ಇದಕ್ಕೆ ತದ್ವಿರುದ್ಧ: ಪಾರದರ್ಶಕತೆ ಕೂಡದು, ಮೂಲೆಯನ್ನು ನಾವು ದುಂಡಗೆ ಮಾಡಲೂಬಾರದು. ಹಿನ್ನೆಲೆ ಬಣ್ಣದ ಮೇಲೆ ಅಂಟಿಸಿ, ಆಮೇಲೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಮಾತ್ರ, ಪಾರದರ್ಶಕತೆಯ ಮಾಹಿತಿ ಇಲ್ಲ) ಮಾಡಿ ಉಳಿಸಿದರೆ ಸಾಕು.

ಎಲ್ಲ ಮುಗಿದ ಮೇಲೆ ಸ್ಕ್ರಿಪ್ಟ್ ಒಂದು ಪರೀಕ್ಷಾ ಹಾಳೆಯನ್ನೂ ಕೊಡುತ್ತದೆ: ಕಪ್ಪು, ಬಿಳಿ, ಹಸಿರು ಹಿನ್ನೆಲೆಯ ಮೇಲೆ ವೃತ್ತವಾಗಿ ಕತ್ತರಿಸಿದ ಐಕಾನ್‌ಗಳು. ಎಲೆಯ ಹಸಿರು ಹಿನ್ನೆಲೆಯಲ್ಲಿ ಕರಗುತ್ತದೆಯೇ ಎಂದು ಅದರಲ್ಲೇ ತಿಳಿಯುತ್ತದೆ. ನನಗೆ ತುಂಬ ಖುಷಿ ಕೊಟ್ಟದ್ದು ಬಣ್ಣ ಬದಲಿಸುವ ಆಯ್ಕೆ. ಚಿತ್ರದಲ್ಲಿರುವ ಕೆಂಪು ಮೂರೇ ಛಾಯೆ; ಅವನ್ನು ಹಸಿರಿಗೆ ತಿರುಗಿಸಿದರೆ ಮಳೆಗಾಲದ ಕಾಯಿ, ಹಾಗೇ ಬಿಟ್ಟರೆ ಕೊಯ್ಲಿನ ಹಣ್ಣು. ಫೆಬ್ರುವರಿ, ಮಾರ್ಚ್‌ನ ಹೂವಿಗೆ ಮಾತ್ರ ಬೇರೆ ಚಿತ್ರವನ್ನೇ ಬರೆಯಬೇಕು. ಪ್ಲೇ ಸ್ಟೋರ್‌ನ 512ರ ಚಿತ್ರವನ್ನು ಈಗಲೂ ಆ್ಯಪ್ ಮಾಡುವವರಿಗೆಂದೇ ಇರುವ ಕನ್ಸೋಲ್ ಪುಟ ತೆರೆದು ನಾನೇ ಏರಿಸುತ್ತೇನೆ. ವರ್ಷಕ್ಕೆ ಎರಡು ಮೂರು ಸಲದ ಆ ಕೆಲಸಕ್ಕೆ ಇನ್ನೊಂದು ಸ್ಕ್ರಿಪ್ಟ್ ಬೇಕೆನಿಸಿಲ್ಲ.